ಬೀಳುವ ಸವಾರನ ಎರಡು ವೇಗಗಳು

ರಸ್ತೆಯ ಮೇಲೆ ನಡೆಯುವ ಸೈಕಲ್ ಪಂದ್ಯಗಳಲ್ಲಿ ನುರಿತ ಸ್ಪರ್ಧಿಗಳು ಸಮನೆಲದಲ್ಲಿ ಗಂಟೆಗೆ 45 ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ಸಾಗುವುದುಂಟು. ಪರ್ವತದ ಇಳಿಜಾರುಗಳಲ್ಲಿ ಈ ವೇಗವು 80 ಕಿಲೋಮೀಟರನ್ನೂ ಮೀರುತ್ತದೆ. ಮೋಟಾರ್ ಸೈಕಲ್ ಪಂದ್ಯದ ಸವಾರನು ಅಡಿಯಿಂದ ಮುಡಿಯವರೆಗೆ ದಪ್ಪ ಚರ್ಮದ ಉಡುಪನ್ನು ಧರಿಸಿರುತ್ತಾನೆ. ಸೈಕಲ್ ಸವಾರನ ಮೈಮೇಲಾದರೋ ತೆಳುವಾದ ಬಿಗಿ ಅಂಗಿ, ಮೊಣಕಾಲು ಮುಟ್ಟದ ಚಡ್ಡಿ, ಕೈಗವಸು, ತಲೆಗೊಂದು ಹಗುರವಾದ ಹೆಲ್ಮೆಟ್ಟು, ಇಷ್ಟೆ. ಇದು ಬರಿಯ ಅಲಕ್ಷ್ಯದ ಫಲವೇ, ಅಥವಾ ಇದಕ್ಕೆ ಬೇರೆ ಕಾರಣವುಂಟೇ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕೆಳಗೆ ಬೀಳುವ ಸವಾರನಿಗೆ ಏಕಕಾಲದಲ್ಲಿ ಎರಡು ವೇಗಗಳಿರುತ್ತವೆ. ಮೊದಲನೆಯದು ರಸ್ತೆಗೆ ಸಮಾಂತರವಾದುದು. ಸೈಕಲ್ಲು ಓಡುತ್ತಿದ್ದ ವೇಗವೇ ಅದು. ಎರಡನೆಯದು ಗುರುತ್ವಾಕರ್ಷಣೆಯಿಂದ ಒದಗಿದ ಕೆಳಮುಖವಾದ ವೇಗ. ತಲೆಯು 1.5 ಮೀಟರ್ ಎತ್ತರದಿಂದ ಬಿದ್ದರೆ, ನೆಲವನ್ನು ಮುಟ್ಟುವಾಗ ಈ ವೇಗವು ಸೆಕೆಂಡಿಗೆ ಸುಮಾರು 5.4 ಮೀಟರ್, ಅಂದರೆ ಗಂಟೆಗೆ 19.5 ಕಿಲೋಮೀಟರ್ ಆಗುತ್ತದೆ. ಸವಾರನು ಮೆಲ್ಲಗೆ ಸಾಗುತ್ತಿರಲಿ, ಬಿರುಸಾಗಿ ಸಾಗುತ್ತಿರಲಿ, ಚಪ್ಪಟೆಯಾದ ರಸ್ತೆಯ ಮೇಲೆ ಬಿದ್ದಾಗ ಈ ಎರಡನೆಯ ವೇಗವು ಹೆಚ್ಚು ವ್ಯತ್ಯಾಸವಾಗದು. ಇದನ್ನು ಎದುರಿಸತಕ್ಕದ್ದು ಹೆಲ್ಮೆಟ್ಟು. ಮೊದಲನೆಯದನ್ನು ಎದುರಿಸತಕ್ಕದ್ದು ಬಟ್ಟೆ.

ಹೆಲ್ಮೆಟ್ಟಿನ ಕೆಲಸ ಸರಳವಾದುದು. ವೇಗವಾಗಿ ಬರುವ ಚೆಂಡನ್ನು ಹಿಡಿಯುವ ಕ್ರಿಕೆಟ್ ಆಟಗಾರನು ಕೈಗಳನ್ನು ಹಿಂದಕ್ಕೆ ಸೆಳೆದುಕೊಳ್ಳುವುದನ್ನು ವಾಚಕರು ನೋಡಿರಬಹುದು. ಚೆಂಡು ನಿಲ್ಲುವ ದೂರವು ಹೆಚ್ಚಿದಷ್ಟೂ ಪೆಟ್ಟು ತಗ್ಗುತ್ತದೆ. ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ತಲೆಯು ಅನುಭವಿಸುವ ಸರಾಸರಿ ಆಘಾತವು ಗುರುತ್ವದ ಎಷ್ಟು ಪಟ್ಟು ಎಂಬುದು ದೊರೆಯುತ್ತದೆ. ಬರಿದಲೆಯು 2 ಮಿಲಿಮೀಟರಿನೊಳಗೆ ನಿಂತರೆ ಆಘಾತವು 750 ಪಟ್ಟು. ನಮಗೆ ಥರ್ಮಾಕೋಲ್ ಎಂದು ಪರಿಚಿತವಾಗಿರುವ ಪಾಲಿಸ್ಟೈರೀನ್ ನೊರೆಯು ಹೆಲ್ಮೆಟ್ಟಿನೊಳಗೆ ನಜ್ಜಾಗುತ್ತ ಈ ದೂರವನ್ನು 2 ಸೆಂಟಿಮೀಟರಿಗೆ ಏರಿಸಿದರೆ ಅದು 75 ಪಟ್ಟಿಗೆ ಇಳಿಯುತ್ತದೆ. ಯೂರೋಪಿನ ಇಎನ್ 1078 ಎಂಬ ಮಾನಕದ ಪರೀಕ್ಷೆಯಲ್ಲಿಯೂ ಹೆಲ್ಮೆಟ್ಟನ್ನು ಸೆಕೆಂಡಿಗೆ 5.42 ಮೀಟರ್ ವೇಗದಿಂದಲೇ ಚಪ್ಪಟೆಯಾದ ಉಕ್ಕಿಗೆ ಬಡಿಸುತ್ತಾರೆ. ಆಘಾತದ ಗರಿಷ್ಠ ಪ್ರಮಾಣವು 250 ಪಟ್ಟನ್ನು ಮೀರಕೂಡದು. ಒಮ್ಮೆ ನಜ್ಜಾದ ನೊರೆಯು ಮತ್ತೆ ಮೊದಲಿನಂತಾಗದು. ಆದ ಕಾರಣ ಪೆಟ್ಟು ತಿಂದ ಹೆಲ್ಮೆಟ್ಟನ್ನು ಪುನಃ ಧರಿಸಬಾರದು.

ಇಷ್ಟು ಸ್ಪಷ್ಟವಾದ ವಿಷಯವನ್ನು ಪಂದ್ಯಲೋಕವು ಸುಲಭವಾಗಿ ಒಪ್ಪಲಿಲ್ಲ. ಬಹುಕಾಲ ಸವಾರರು ಬರಿದಲೆಯಲ್ಲಿಯೋ, ಚರ್ಮದ ಪಟ್ಟಿಗಳನ್ನು ಬಲೆಯಂತೆ ಹೆಣೆದ ಟೊಪ್ಪಿಗೆಯಲ್ಲಿಯೋ ಓಡುತ್ತಿದ್ದರು. 1991ರಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಲು ಹೊರಟಾಗ, ಫ್ರಾನ್ಸಿನ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಸವಾರರು ಪ್ರತಿಭಟಿಸಿದರು, ಒಕ್ಕೂಟವು ಹಿಂದೆಗೆಯಿತು. 1992ರ ಒಲಿಂಪಿಕ್ ಕ್ರೀಡೆಗಳಲ್ಲಿ ಚಿನ್ನದ ಪದಕ ಗಳಿಸಿದ್ದ ಇಟಲಿಯ ಫಾಬಿಯೊ ಕಸಾರ್ತೆಲ್ಲಿ 1995ರ ಜುಲೈ 18ರಂದು, ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ, ಪಿರಿನೀಸ್ ಪರ್ವತದ ಇಳಿಜಾರಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಮೃತನಾದನು. 2003ರ ಮಾರ್ಚಿಯಲ್ಲಿ ಅದೇ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಕಜಾಕ್‌ಸ್ತಾನದ ಆಂದ್ರೇ ಕಿವಿಲೆವ್ ಬಿದ್ದು, ಮರುದಿನ ಅಸುನೀಗಿದನು. ಇಬ್ಬರ ತಲೆಯ ಮೇಲೂ ಹೆಲ್ಮೆಟ್ಟಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ನಿಯಮವು ಜಾರಿಗೆ ಬಂದಿತು. ಮೊದಮೊದಲು ಕೊನೆಯ ದೀರ್ಘ ಏರಿನಲ್ಲಿ ಅದನ್ನು ತೆಗೆಯಲು ಅನುಮತಿ ಇದ್ದಿತು; ಮುಂದೆ ಅದೂ ರದ್ದಾಯಿತು.

ಇನ್ನು ಮೊದಲನೆಯ ವೇಗವನ್ನು ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬಿದ್ದ 70 ಕಿಲೋಗ್ರಾಮ್ ತೂಕದ ಸವಾರನು, ಘರ್ಷಣೆಯ ಗುಣಾಂಕವನ್ನು 0.6 ಎಂದಿಟ್ಟುಕೊಂಡರೆ, ಸುಮಾರು 24 ಮೀಟರ್ ದೂರ ಜಾರಿದ ಮೇಲೆ ನಿಲ್ಲುತ್ತಾನೆ. ಅಷ್ಟರಲ್ಲಿ ಅವನ ಚಲನಶಕ್ತಿಯ 9,700 ಜೂಲ್‌ಗಳೂ ಬಟ್ಟೆಯನ್ನು ಹರಿಯುವುದರಲ್ಲಿ, ಚರ್ಮವನ್ನು ತೇಯುವುದರಲ್ಲಿ, ಶಾಖವಾಗಿ ವ್ಯಯವಾಗಬೇಕು. ಇದು 29 ಗ್ರಾಮ್ ನೀರನ್ನು 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಬಲ್ಲ ಶಾಖ. ಕೇಳುವಾಗ ಅಲ್ಪವೆನಿಸಿದರೂ, ಸೊಂಟ, ಮೊಣಕೈಗಳ ಅಂಗೈಯಗಲದ ಜಾಗದ ಮೇಲೆ ಅದು ಅಲ್ಪವಲ್ಲ. ತೆಳ್ಳನೆಯ ಸ್ಪ್ಯಾಂಡೆಕ್ಸ್ ಬಟ್ಟೆ ಕ್ಷಣದಲ್ಲಿ ಹರಿದುಹೋಗುತ್ತದೆ.

ಹಾಗಾದರೆ ಚರ್ಮದ ಉಡುಪೇಕೆ ಬೇಡ? ಮೋಟಾರ್ ಸೈಕಲ್ಲಿನಲ್ಲಿ ದುಡಿಯುವುದು ಯಂತ್ರ. ಇಲ್ಲಿ ದುಡಿಯುವುದು ದೇಹ. ಪೆಡಲಿಗೆ 300 ವಾಟ್ ಒದಗಿಸುವ ಸವಾರನ ಸ್ನಾಯುಗಳು ಸುಮಾರು 1,000 ವಾಟ್ ಶಾಖವನ್ನೂ ಉತ್ಪಾದಿಸುತ್ತವೆ. ಇಷ್ಟನ್ನೂ ಬೆವರೇ ಹೊರಹಾಕಬೇಕಾದರೆ ಗಂಟೆಗೆ ಒಂದೂವರೆ ಲೀಟರು ಬೆವರು ಆವಿಯಾಗಬೇಕು. ಗಾಳಿಯಾಡದ ಉಡುಪು ಬಿದ್ದಾಗಿನ ಗಾಯವನ್ನು ತಪ್ಪಿಸಹೋಗಿ ಬೀಳುವ ಮೊದಲೇ ಸವಾರನನ್ನು ಶಾಖಾಘಾತಕ್ಕೆ ಗುರಿಮಾಡೀತು. ಆದುದರಿಂದ ನಾವು ಕಾಣುವ ತೆಳುವಾದ ಉಡುಪು ಅಲಕ್ಷ್ಯದ ಫಲವಲ್ಲ. ಎರಡು ಅಪಾಯಗಳ ನಡುವಣ ಒಪ್ಪಂದ.

ಈ ಒಪ್ಪಂದವನ್ನು ಉತ್ತಮಪಡಿಸುವ ಒಂದು ಉಪಾಯವೆಂದರೆ ಜಾರುವ ಪದರ. ಅಂಗಿಯ ಕೆಳಗೆ ತೆಳುವಾದ ಒಳಅಂಗಿಯಿದ್ದರೆ, ಹೊರಗಿನದು ರಸ್ತೆಗೆ ಕಚ್ಚಿಕೊಂಡಾಗ ಎರಡು ಬಟ್ಟೆಗಳು ಒಂದರ ಮೇಲೊಂದು ಜಾರಿ ಚರ್ಮವು ಉಳಿಯುವ ಸಂಭವವುಂಟು. ಡೈನೀಮಾದಂಥ ಗಟ್ಟಿಯಾದ, ನುಣುಪಾದ ಪಾಲಿಎಥಿಲೀನ್ ಎಳೆಗಳನ್ನು ಬಟ್ಟೆಯಲ್ಲಿ ಬೆರೆಸುವ ಪ್ರಯತ್ನವೂ ನಡೆದಿದೆ. ಇದೇ ತತ್ತ್ವವು ಹೆಲ್ಮೆಟ್ಟಿನಲ್ಲಿಯೂ ಕೆಲಸ ಮಾಡುತ್ತದೆ. ಓರೆಯಾಗಿ ಬಡಿದ ತಲೆಯು ಹಠಾತ್ತನೆ ತಿರುಚಿಕೊಂಡರೆ ಮೆದುಳಿಗೆ ಹಾನಿಯಾಗುತ್ತದೆ. ಸ್ವೀಡನ್ನಿನಲ್ಲಿ ರೂಪುಗೊಂಡ ಮಿಪ್ಸ್ ಎಂಬ ಒಳಪದರವು ಹೆಲ್ಮೆಟ್ಟಿಗೂ ತಲೆಗೂ ನಡುವೆ ಕೊಂಚ ಜಾರಿ ಆ ತಿರುಚನ್ನು ತಗ್ಗಿಸುತ್ತದೆ.

ಆದರೆ ಇವೆಲ್ಲವೂ ಸವಾರನು ಜಾರಲು ಅವಕಾಶವಿದ್ದಾಗ ಮಾತ್ರ. ಎದುರಿಗೆ ಬಂಡೆಯೋ ಗೋಡೆಯೋ ಬಂದರೆ ಸಮಾಂತರವಾದ ವೇಗವೇ ನೇರವಾದ ಪೆಟ್ಟಾಗುತ್ತದೆ. 80 ಕಿಲೋಮೀಟರ್ ವೇಗದ ಪೆಟ್ಟು 25 ಮೀಟರ್ ಎತ್ತರದಿಂದ ಬಿದ್ದದ್ದಕ್ಕೆ ಸಮ. ಒಂದೂವರೆ ಮೀಟರಿಗೆಂದು ಮಾಡಿದ ನೊರೆಯು ಅಲ್ಲಿ ಏನು ಮಾಡೀತು? ಬೆಲ್ಜಿಯಮ್ಮಿನ ವೌಟರ್ ವೇಲಾಂಡ್ 2011ರ ಮೇ 9ರಂದು ಇಟಲಿಯ ಜಿರೊ ಪಂದ್ಯದ ಇಳಿಜಾರಿನಲ್ಲಿ ಮೃತನಾದಾಗ ಹೆಲ್ಮೆಟ್ಟು ಧರಿಸಿಯೇ ಇದ್ದನು. ಆದುದರಿಂದ ರಕ್ಷಣೆಯ ಉಡುಪನ್ನು ಸವಾರನಿಗೆ ಮಾತ್ರವಲ್ಲ, ರಸ್ತೆಗೂ ತೊಡಿಸಬೇಕಾಗಿದೆ. ಅಪಾಯದ ತಿರುವುಗಳಲ್ಲಿ ಕಂಬಗಳಿಗೂ ಗೋಡೆಗಳಿಗೂ ಹುಲ್ಲಿನ ಕಂತೆ, ಮೆತ್ತೆಗಳನ್ನು ಹೊದಿಸುವುದು ಆ ಕಾರ್ಯವೇ. ಹೆಲ್ಮೆಟ್ಟಿನ ನೊರೆಗೆ ದೊರೆಯದ ನಿಲ್ಲುವ ದೂರವನ್ನು ಅವು ಒದಗಿಸುತ್ತವೆ.