ರಕ್ತವನ್ನು ತೊಳೆಯುವ ಎರಡು ಪೊರೆಗಳು

ಮೂತ್ರಪಿಂಡಗಳು ಸೋತಾಗ ರಕ್ತದಲ್ಲಿ ಯೂರಿಯಾ ಮೊದಲಾದ ಕಲ್ಮಷಗಳೂ ಹೆಚ್ಚಿನ ನೀರೂ ಸಂಗ್ರಹವಾಗತೊಡಗುತ್ತವೆ. ಅವುಗಳನ್ನು ಹೊರತೆಗೆಯುವ ಉಪಾಯವೇ ಡಯಾಲಿಸಿಸ್. ಇದರ ತತ್ತ್ವವನ್ನು ವಾಚಕರು ಬಲ್ಲರು: ಸೂಕ್ಷ್ಮರಂಧ್ರಗಳುಳ್ಳ ಪೊರೆಯ ಮೂಲಕ ಸಣ್ಣ ಅಣುಗಳು ಸಾಂದ್ರತೆ ಹೆಚ್ಚಿರುವ ಕಡೆಯಿಂದ ಕಡಮೆಯಿರುವ ಕಡೆಗೆ ವಿಸರಣ ಹೊಂದುತ್ತವೆ. 1943ರಲ್ಲಿ ಹಾಲೆಂಡಿನ ವೈದ್ಯ ವಿಲೆಮ್ ಕೋಲ್ಫ್ ಇದಕ್ಕಾಗಿ ಬಳಸಿದುದು ಸೆಲೊಫೇನ್ ಕೊಳವೆಯನ್ನು!

ನಮ್ಮ ಶ್ರೀಮತಿಯವರು ಎರಡು ವಿಧಾನಗಳಲ್ಲಿ ಒಂದನ್ನು ಆರಿಸಬೇಕಾಗಿ ಬಂದಾಗ ನಾವು ಕಾಗದ, ಪೆನ್ಸಿಲು ಹಿಡಿದು ಕುಳಿತೆವು. ಹೀಮೋಡಯಾಲಿಸಿಸ್‌ನಲ್ಲಿ ರಕ್ತವು ಯಂತ್ರದ ಕೃತಕ ಪೊರೆಯನ್ನು ಹಾಯ್ದು ದೇಹಕ್ಕೆ ಹಿಂದಿರುಗುತ್ತದೆ. ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲವೂ ಸುಮಾರು 4 ಗಂಟೆ, ಆಸ್ಪತ್ರೆಯಲ್ಲಿ. ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ಉದರದ ಒಳಪೊರೆಯೇ ಶೋಧಕ. ನಳಿಕೆಯ ಮೂಲಕ ಸುಮಾರು 2 ಲೀಟರ್ ದ್ರವವನ್ನು ಹೊಟ್ಟೆಗೆ ತುಂಬಿ, ಕೆಲವು ಗಂಟೆಗಳ ತರುವಾಯ ಬಸಿದು, ಹೊಸದನ್ನು ತುಂಬಬೇಕು. ಯಂತ್ರವಿಲ್ಲದೆ ಮಾಡುವುದಾದರೆ ದಿನಕ್ಕೆ ಸುಮಾರು 4 ಸಲ, ಮನೆಯಲ್ಲಿಯೇ. ದ್ರವದಲ್ಲಿರುವ ಗ್ಲೂಕೋಸ್ ಅಭಿಸರಣದಿಂದ ಹೆಚ್ಚಿನ ನೀರನ್ನು ಸೆಳೆದುಕೊಳ್ಳುತ್ತದೆ.

ವೈದ್ಯರು ಎರಡೂ ಆಗಬಹುದೆಂದಿದ್ದರು. ನಾವು ಯಂತ್ರದ ವೇಗವನ್ನು ಹೊಗಳಿದೆವು. ಶ್ರೀಮತಿಯವರಾದರೋ, “ನಡುವಿನ ದಿನಗಳಲ್ಲಿ ಏನಾಗುತ್ತದೆ?” ಎಂದು ಕೇಳಿದರು. ನಾವೇ ಕೇಳಬೇಕಾಗಿದ್ದ ಪ್ರಶ್ನೆ! ಕಲ್ಮಷವು ಪ್ರತಿಕ್ಷಣವೂ ಹುಟ್ಟುತ್ತಿರುತ್ತದೆ. ಯಂತ್ರದ ವಿಧಾನದಲ್ಲಿ ಅದರ ಮಟ್ಟವು ಗರಗಸದ ಹಲ್ಲುಗಳಂತೆ ಏರಿಳಿಯುತ್ತದೆ. ಉದರದ ವಿಧಾನದಲ್ಲಿ ಬಹುಮಟ್ಟಿಗೆ ಸಮನಾಗಿರುತ್ತದೆ. ಆದರೆ ನಳಿಕೆ ಜೋಡಿಸುವಾಗ ಶುಚಿತ್ವ ತಪ್ಪಿದರೆ ಉದರಪೊರೆಗೆ ಸೋಂಕು ತಗಲುವ ಭಯವುಂಟು.

ಅವರು ಮನೆಯ ವಿಧಾನವನ್ನೇ ಆರಿಸಿದರು. ಬಸಿದ ದ್ರವವನ್ನು ತೂಗಿ ಬರೆದಿಡುವುದು ಈಗ ನಮ್ಮ ಪಾಲಿನ ಕೆಲಸ. ದ್ರವವು ತಿಳಿಯಾಗಿದೆಯೇ ಎಂದು ದೀಪಕ್ಕೆ ಹಿಡಿದು ನೋಡುತ್ತೇವೆ. ಕದಡಿದಂತೆ ಕಂಡರೆ ಒಡನೆಯೇ ಆಸ್ಪತ್ರೆಗೆ ತಿಳಿಸಬೇಕು.