ನವಿಲು ಬಿಟ್ಟುಕೊಟ್ಟ ಕೇಕೆ

ಹೊಸ ಸಿನಿಮಾದ ಮೊದಲ ಆಟ. ತೆರೆಯ ಮೇಲೆ ನಾಯಕನ ಬೂಟು ಕಂಡಿತೋ ಇಲ್ಲವೋ, ಮುಂದಿನ ಸಾಲಿನಿಂದ ಶಿಳ್ಳೆ, ಅದರ ಬೆನ್ನಿಗೇ ಕೇಕೆ. ಈ ಕೇಕೆ ಮೂಲದಲ್ಲಿ ನವಿಲಿನದು. ಸಂಸ್ಕೃತದಲ್ಲಿ ‘ಕೇಕಾ’ ಎಂದರೆ ನವಿಲಿನ ಕೂಗು. ಅಮರಕೋಶ ಹೇಳುವುದೂ ಅದನ್ನೇ. ಕೇಕೆಯುಳ್ಳದ್ದು ‘ಕೇಕಿ’, ಅಂದರೆ ನವಿಲು. ಕನ್ನಡದಲ್ಲಿ ಕೇಕೆ ಮೆಲ್ಲಗೆ ಹಕ್ಕಿಯನ್ನು ಬಿಟ್ಟು ಮನುಷ್ಯರ ಗಂಟಲಿಗೆ ಇಳಿಯಿತು.

ಹಾಗೆಂದು ಈ ಪದ ಎಲ್ಲ ಕೂಗಿಗೂ ಸಲ್ಲುವುದಿಲ್ಲ. ಜಿರಲೆ ಮೈಮೇಲೆ ಹಾರಿದರೆ ಕಿಟಾರನೆ ಕಿರುಚುತ್ತೇವೆ. ನೋವಾದರೆ ಚೀರುತ್ತೇವೆ. ಸಿಟ್ಟಾದವರು ಅರಚುತ್ತಾರೆ. ಹೆರಿಗೆ ನೋವಿನಲ್ಲಿ ಹೆಂಗಸೊಬ್ಬಳು ಕೇಕೆ ಹಾಕಿದಳು ಎಂದು ಬರೆದು ನೋಡಿ, ಓದಿದವರು ಬೆಚ್ಚಿಬೀಳುತ್ತಾರೆ. ಕಬಡ್ಡಿಯಲ್ಲಿ ಎದುರಾಳಿಯನ್ನು ಹಿಡಿದು ಕೆಡವಿದಾಗ, ಕಂಬಳದ ಕರೆಯಲ್ಲಿ ಕೋಣಗಳು ಮಂಜೊಟ್ಟಿ ಮುಟ್ಟಿದಾಗ ಏಳುವುದು ಕೇಕೆ. ಅದಕ್ಕೆ ಹಿಗ್ಗು ಬೇಕು, ಇಲ್ಲವೇ ಗೆದ್ದ ಸೊಕ್ಕು. ವ್ಯಾಕರಣವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ: ಕಿರುಚುವುದು, ಚೀರುವುದು ತಾವಾಗಿ ಬರುತ್ತವೆ, ಕೇಕೆಯನ್ನು ಮಾತ್ರ ‘ಹಾಕಬೇಕು’, ‘ಹೊಡೆಯಬೇಕು’. ನಾಲ್ಕು ಜನರ ಕಿವಿಗೆ ಬೀಳಲೆಂದೇ ಹಾಕುವ ಕೂಗು ಅದು.

ನವಿಲೂ ಈ ವಿಷಯದಲ್ಲಿ ಸಾಚಾ ಅಲ್ಲ. ನಮ್ಮ ಸಂಗೀತಶಾಸ್ತ್ರ ಷಡ್ಜವನ್ನು ಅದರ ದನಿಗೆ ಹೋಲಿಸಿ ಗೌರವಿಸಿದೆ. ಮಳೆಗಾಲದ ಬೆಳಗಿನಲ್ಲಿ, ನವಿಲುಗಳಿಗೆ ಹೆಸರಾದ ಬಂಕಾಪುರದ ಕೋಟೆಯೊಳಗೆ ನಿಂತು ಕೇಳಿದವರಿಗೆ ಆ ಹೋಲಿಕೆ ತುಸು ಉದಾರವೆನಿಸೀತು. ಮಿಲನದ ಹೊತ್ತಿಗೆಂದೇ ಗಂಡು ನವಿಲಿಗೆ ಬೇರೊಂದು ಕೂಗಿದೆ. ಹತ್ತಿರ ಹೆಣ್ಣೇ ಇಲ್ಲದಾಗಲೂ ಅದು ಹಾಗೆ ಕೂಗಿಕೊಳ್ಳುವುದನ್ನು ಜೀವವಿಜ್ಞಾನಿಗಳಾದ ರೋಸ್ಲಿನ್ ಡೇಕಿನ್ ಮತ್ತು ರಾಬರ್ಟ್ ಮಾಂಟ್‌ಗೊಮೆರಿ 2014ರಲ್ಲಿ ದಾಖಲಿಸಿದರು. ಕೂಗು ಕೇಳಿದ ಹೆಣ್ಣುಗಳು ಅತ್ತ ಸುಳಿಯುತ್ತವಂತೆ. ಶುದ್ಧ ಬಡಾಯಿ!

ಇನ್ನು ಪತ್ರಿಕೆಗಳ ‘ಸಾವಿನ ಕೇಕೆ’. ಮೊದಲು ಬರೆದವರು ಯಾರೋ, ಜಾಣರು. ಸಾವು ಗೆದ್ದು ಬೀಗುತ್ತಿದೆ ಎಂಬುದನ್ನು ಎರಡೇ ಪದದಲ್ಲಿ ಹೇಳಿದರು. ಈಗ ಬಸ್ ಉರುಳಲಿ, ಕಟ್ಟಡ ಕುಸಿಯಲಿ, ಜ್ವರ ಹರಡಲಿ, ಅದೇ ತಲೆಬರಹ. ಗುಂಡಿ ತಪ್ಪಿಸಲು ಹೋಗಿ ಬೈಕ್ ಸವಾರ ಸತ್ತರೆ ಅಲ್ಲಿ ಕೇಕೆ ಹಾಕಲು ಜವರಾಯನೇನೂ ಬಂದಿರುವುದಿಲ್ಲ. ಆ ಗುಂಡಿ ಎಷ್ಟು ದಿನದಿಂದ ಬಾಯಿ ತೆರೆದುಕೊಂಡಿತ್ತು ಎಂದು ಬರೆದರೆ ತಲೆಬರಹಕ್ಕೆ ಅಷ್ಟು ಸಾಕು.