ಮೈನಸ್ ಚಳಿಗೆ ಮಂಕಿ ಕ್ಯಾಪ್ ಸಾಕೇ?

"ಅಮ್ಮಾ, ಜನವರಿ ಮೊದಲ ವಾರಕ್ಕೇ ಬಂದ್ಬಿಡು. ಡಾಕ್ಟರ್ ತಿಂಗಳ ಕೊನೆಗೆ ಡೇಟ್ ಕೊಟ್ಟಿದ್ದಾರೆ."

ಶಿಕಾಗೋದಿಂದ ಮಗಳ ಫೋನ್ ಬಂದಿದ್ದೇ ತಡ, ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಬಾಣಂತನದ ಸಾಮಾನಿನ ಪಟ್ಟಿ ಅವತ್ತೇ ಶುರುವಾಯ್ತು. ಬಜೆ, ಓಮ, ಮೆಂತ್ಯದ ಪುಡಿ, ಹಳೇ ಸೀರೆ ಹರಿದು ಮಾಡಿದ ಮೆತ್ತನೆ ಬಟ್ಟೆ... ಸೂಟ್‌ಕೇಸ್ ತುಂಬಿ ಮುಚ್ಚಳ ಹಾಕೋಕಾಗಲಿಲ್ಲ. ನನ್ನ ಮೈಮೇಲೆ ಹಾಕಿಕೊಳ್ಳೋದು ಏನು ಅನ್ನೋದು ಕೊನೆಗೆ ನೆನಪಾಯ್ತು. "ಒಂದು ಸ್ವೆಟರ್, ಒಂದು ಶಾಲು, ನಿಮ್ಮೆಜಮಾನ್ರ ಮಂಕಿ ಕ್ಯಾಪ್ ಇದ್ರೆ ಸಾಕು ಬಿಡ್ರೀ" ಅಂದರು ಪಕ್ಕದ ಮನೆಯವರು. ನಾನೂ ಹೂಂ ಅಂದೆ. ಆ ಒಂದು 'ಹೂಂ'ಗೆ ನಾನು ತೆತ್ತ ಬೆಲೆ ಏನು ಅಂತ ಆಮೇಲೆ ಹೇಳ್ತೀನಿ.

ಮೊದಲು ನಮ್ಮ ಚಳಿ ಎಷ್ಟು ಅಂತ ನೋಡೋಣ. ತುಮಕೂರಿನಲ್ಲಿ ಡಿಸೆಂಬರ್ ಬೆಳಗಿನ ಜಾವ 15-16 ಡಿಗ್ರಿಗೆ ಇಳಿದರೆ 'ಉಸ್ಸಪ್ಪಾ' ಅಂತ ಬಿಸಿನೀರಿನ ಹಂಡೆ ಹತ್ತಿರ ನಿಲ್ತೀವಿ. ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ನಿಮ್ಮ ಮನೆ ಫ್ರಿಜ್ಜಿನ ಫ್ರೀಜರ್ ಇರುತ್ತಲ್ಲಾ, ಅದರೊಳಗೆ ಸುಮಾರು ಮೈನಸ್ 18. ಶಿಕಾಗೋದಲ್ಲಿ 2019ರ ಜನವರಿ 30ರಂದು ಮೈನಸ್ 30ಕ್ಕೂ ಕೆಳಗೆ ಹೋಗಿ, ಅಂಚೆ ಬಟವಾಡೆಯನ್ನೇ ನಿಲ್ಲಿಸಿದ್ದರು! ದಿನಾ ಹಾಗಿರಲ್ಲ, ನಿಜ. ಆದರೆ ಮೈನಸ್ 8, ಮೈನಸ್ 10 ಅನ್ನೋದು ಅಲ್ಲಿನ ಜನವರಿಗೆ ಮಾಮೂಲು. ಅದರ ಮೇಲೆ ಗಾಳಿ ಬೇರೆ. ಮೈನಸ್ 10 ಇದ್ದಾಗ ಗಂಟೆಗೆ 30 ಕಿ.ಮೀ. ವೇಗದ ಗಾಳಿ ಬೀಸಿದರೆ ಮೈಗೆ ಅದು ಮೈನಸ್ 20ರಂತೆ ಕೊರೆಯುತ್ತೆ. ಹಾಗಾಗಿ ಅಲ್ಲಿ ಹವಾಮಾನ ನೋಡುವಾಗ ಬರೀ ಡಿಗ್ರಿ ನೋಡಬೇಡಿ, 'ವಿಂಡ್ ಚಿಲ್' ಅಂತ ಇನ್ನೊಂದು ಅಂಕಿ ಇರುತ್ತೆ, ಅದನ್ನು ನೋಡಿ. ಅದು ಮೈನಸ್ 28 ದಾಟಿತು ಅಂದರೆ ಬಿಟ್ಟ ಕೆನ್ನೆ, ಮೂಗು, ಕಿವಿಯ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು.

ಈಗ ನನ್ನ ಕಥೆ. ಹೊರಡೋ ಮುಂಚೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಒಳಗೆಲ್ಲ ತುಪ್ಪಳ ಇರೋ, ನೋಡೋಕೆ ಬಲು ಚೆಂದದ ಬೂಟು ಕೊಂಡಿದ್ದೆ. ಮುಟ್ಟಿದರೆ ಬೆಕ್ಕಿನ ಮರಿ ಹಾಗೆ ಬೆಚ್ಚಗೆ. ಅಂಗಡಿಯವರು ತೋರಿಸಲಿಲ್ಲ, ನಾನೂ ತಿರುಗಿಸಿ ನೋಡಲಿಲ್ಲ: ಅಟ್ಟೆ ಕಲ್ಲಿನ ಹಾಗೆ ಗಟ್ಟಿ, ನುಣ್ಣಗೆ. ಹೋದ ಮೂರನೇ ದಿನ ಮಗಳ ಜೊತೆ ಡಾಕ್ಟರ್ ಹತ್ತಿರ ಹೊರಟೆ. ಕಾರಿನಿಂದ ಬಾಗಿಲಿಗೆ ಹದಿನೈದು ಹೆಜ್ಜೆ. ನೆಲ ಒದ್ದೆಯಾಗಿದೆ ಅಂದುಕೊಂಡೆ, ಅದು ಕನ್ನಡಿಯಂಥ ಮಂಜುಗಡ್ಡೆ. ನಾಲ್ಕನೇ ಹೆಜ್ಜೆಗೆ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಮಗುವಿಗೆ ಎಣ್ಣೆ-ನೀರು ಹಾಕೋಕೆ ಅಂತ ಹೋದ ಅಜ್ಜಿ ಆರು ವಾರ ಪ್ಲಾಸ್ಟರ್ ಹಾಕಿಕೊಂಡು ಸೋಫಾ ಮೇಲೆ! ಮೆಂತ್ಯದ ಗಂಜಿ ಕಲಸಿದ್ದು ಅಳಿಯ, ನಾನು ಬರೀ ಬಾಯಲ್ಲಿ ಹೇಳಿದ್ದು. (ಪ್ರಯಾಣ ವಿಮೆ ಮಾಡಿಸಿದ್ದರಿಂದ ಬಚಾವ್. ನೀವು ಹೋಗೋದಾದರೆ ಅದನ್ನು ಮಾತ್ರ ಮರೀಬೇಡಿ.)

ಅದಕ್ಕೇ ಹೇಳೋದು, ಬೂಟನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಮೊದಲು ಅಟ್ಟೆ. ಮೆತ್ತನೆ ರಬ್ಬರ್ ಇರಬೇಕು, ಆಳವಾದ ಗೀರುಗಳಿರಬೇಕು. ಉಗುರಿನಿಂದ ಒತ್ತಿದರೆ ಸ್ವಲ್ಪವಾದರೂ ಒಳಗೆ ಹೋಗಬೇಕು. ಪ್ಲಾಸ್ಟಿಕ್ಕಿನಂಥ ಅಟ್ಟೆ ಚಳಿಗೆ ಇನ್ನೂ ಗಟ್ಟಿಯಾಗಿ ಜಾರುತ್ತೆ. ಬೆಲೆ ಹೆಚ್ಚಾದರೆ ಹಿಡಿತ ಹೆಚ್ಚು ಅಂತಲೂ ಇಲ್ಲ. ಕೆನಡಾದ ಟೊರಾಂಟೊ ರಿಹ್ಯಾಬಿಲಿಟೇಷನ್ ಇನ್‌ಸ್ಟಿಟ್ಯೂಟ್‌ನವರು ನಿಜವಾದ ಮಂಜುಗಡ್ಡೆಯ ನೆಲವನ್ನು ಇಳಿಜಾರು ಮಾಡಿ, ಅದರ ಮೇಲೆ ಜನರನ್ನು ನಡೆಸಿ ಬೂಟುಗಳ ಪರೀಕ್ಷೆ ಮಾಡಿದರು. 2016ರಲ್ಲಿ ಫಲಿತಾಂಶ ಹೊರಬಂದಾಗ, ನೋಡಿದ ನೂರಕ್ಕೆ ಹತ್ತಿರದಷ್ಟು ಬಗೆಯ ಬೂಟುಗಳಲ್ಲಿ ಹತ್ತರಲ್ಲಿ ಒಂದೂ ಪಾಸಾಗಿರಲಿಲ್ಲ! ಅಂದಮೇಲೆ ಒಳ್ಳೆ ಬೂಟು ಹಾಕಿದ್ದೀನಿ ಅಂತ ಬಿರಬಿರನೆ ನಡೆಯೋ ಹಾಗಿಲ್ಲ. ಪುಟ್ಟ ಹೆಜ್ಜೆ, ಪಾದ ಪೂರ್ತಿ ನೆಲಕ್ಕೆ, ಕೈ ಜೇಬಿನಿಂದ ಹೊರಗೆ. ಪೆಂಗ್ವಿನ್ ನಡೆಯೋದು ಟಿ.ವಿ.ಯಲ್ಲಿ ನೋಡಿದ್ದೀರಲ್ಲಾ, ಹಾಗೆ. ಬೂಟಿನ ಮೇಲೆ ಸಿಕ್ಕಿಸುವ, ಕೆಳಗೆ ಲೋಹದ ಹಲ್ಲುಗಳಿರುವ ಪಟ್ಟಿಯೂ ಸಿಗುತ್ತೆ. ಹಿರಿಯರಿಗೆ ಅದು ಒಳ್ಳೇದು. ಆದರೆ ಅಂಗಡಿಯ ಟೈಲ್ಸ್ ನೆಲಕ್ಕೆ ಕಾಲಿಡೋ ಮುಂಚೆ ಬಿಚ್ಚಲೇಬೇಕು, ಇಲ್ಲದಿದ್ದರೆ ಅಲ್ಲಿ ಜಾರೋದು ಗ್ಯಾರಂಟಿ.

ಇನ್ನು ಅಳತೆ. ನಮ್ಮಲ್ಲಿ 'ಕಾಲಿಗೆ ಕಚ್ಚಿಕೊಂಡಿರಬೇಕು' ಅಂತೀವಿ. ಚಳಿ ಬೂಟಿಗೆ ಅದು ಉಲ್ಟಾ. ಬಿಗಿಯಾದರೆ ರಕ್ತ ಸಂಚಾರ ಕಮ್ಮಿಯಾಗಿ ಬೆರಳು ಇನ್ನೂ ತಣ್ಣಗಾಗುತ್ತೆ. ಒಳಗೆ ಬೆರಳಾಡಿಸೋಕೆ ಜಾಗ ಇರಬೇಕು, ಆ ಗಾಳಿಯೇ ಬಿಸಿ ಹಿಡಿಯೋದು. ದಪ್ಪ ಉಣ್ಣೆ ಕಾಲುಚೀಲ ಹಾಕಿಕೊಂಡು, ಸಂಜೆ ಹೊತ್ತು ಪಾದ ಸ್ವಲ್ಪ ಊದಿರುವಾಗ ಕಾಗದದ ಮೇಲೆ ನಿಂತು ಹಿಮ್ಮಡಿಯಿಂದ ಬೆರಳಿನ ತುದಿವರೆಗೆ ಸೆಂಟಿಮೀಟರಿನಲ್ಲಿ ಅಳೆದಿಟ್ಟುಕೊಳ್ಳಿ. ನಮ್ಮ 5ನೇ ನಂಬರು ಅಮೆರಿಕದ ಹೆಂಗಸರ ಬೂಟಿನಲ್ಲಿ ಸುಮಾರು 7 ಆಗುತ್ತೆ, ನಂಬರು ನಂಬಿ ಮೋಸ ಹೋಗಬೇಡಿ. ಎರಡು ಜೊತೆ ಕಾಲುಚೀಲ ಒಂದರ ಮೇಲೊಂದು ತುರುಕೋದಕ್ಕಿಂತ ದಪ್ಪದ್ದು ಒಂದೇ ಮೇಲು. ಕಾಲುಂಗುರದ ವಿಷಯಾನೂ ಹೇಳಿಬಿಡ್ತೀನಿ, ಯಾರೂ ಹೇಳಲ್ಲ. ದಪ್ಪ ಕಾಲುಚೀಲದೊಳಗೆ ಅದು ಪಕ್ಕದ ಬೆರಳಿಗೆ ಒತ್ತಿ ಒತ್ತಿ ಎರಡೇ ದಿನಕ್ಕೆ ನನಗೆ ಗಾಯವಾಯ್ತು. ತೆಗೆಯೋಕೆ ಮನಸ್ಸಿಲ್ಲದಿದ್ದರೆ ತೆಳ್ಳಗಿನ ತಂತಿಯಂಥದ್ದು ಹಾಕಿಕೊಂಡು ಹೋಗಿ.

ಎತ್ತರ ಕಣಕಾಲಿನ ಮೇಲೆ ಬರಬೇಕು, ಇಲ್ಲದಿದ್ದರೆ ಹಿಮ ಒಳಗೆ ಬೀಳುತ್ತೆ. ಪಾದದ ಭಾಗ ನೀರು ಇಂಗದಂತಿರಬೇಕು. ಒಳಗಿನ ಮೆತ್ತೆ ಬಿಚ್ಚಿ ಒಣಗಿಸುವಂತಿದ್ದರೆ ಬಹಳ ಅನುಕೂಲ. ಡಬ್ಬಿ ಮೇಲೆ 'ಮೈನಸ್ ಇಷ್ಟು ಡಿಗ್ರಿವರೆಗೆ' ಅಂತ ಬರೆದಿರ್ತಾರೆ. ಎಲ್ಲ ಕಂಪನಿಗಳಿಗೂ ಒಂದೇ ಅಳತೆಗೋಲು ಇಲ್ಲ, ನಡೆಯುತ್ತಿರೋರಿಗೂ ಬಸ್‌ಸ್ಟಾಪಿನಲ್ಲಿ ನಿಂತಿರೋರಿಗೂ ವ್ಯತ್ಯಾಸ ಇದೆ. ಅದನ್ನು ಅಂದಾಜು ಅಂತ ಮಾತ್ರ ತಗೊಳ್ಳಿ. ರಸ್ತೆಗೆ ಸುರಿಯೋ ಉಪ್ಪು ಚರ್ಮವನ್ನು ಹಾಳು ಮಾಡುತ್ತೆ. ಮನೆಗೆ ಬಂದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿಡಿ. ಅಂದಹಾಗೆ, ನಮ್ಮ ಹಾಗೆ ಹೊಸಿಲಾಚೆ ಬಿಡೋ ಹಾಗಿಲ್ಲ ಕಣ್ರೀ. ಬೆಳಗಾಗೋದರಲ್ಲಿ ಬೂಟು ಕೊರಡಾಗಿರುತ್ತೆ. ಬಾಗಿಲ ಒಳಗೆ ಒಂದು ತಟ್ಟೆ ಇಟ್ಟು ಅದರಲ್ಲಿಡೋದು. ನನಗೆ ಮೊದಮೊದಲು ಹಿಂಸೆ ಆಗ್ತಿತ್ತು, ಆಮೇಲೆ ಅಭ್ಯಾಸವಾಯ್ತು.

ಹತ್ತಿ ಬೇಡ, ಕಂಬಳಿ ನೆನಪಿಸಿಕೊಳ್ಳಿ

ಬಟ್ಟೆ ವಿಷಯಕ್ಕೆ ಬಂದರೆ, ಒಂದು ದಪ್ಪ ಕೋಟಿಗಿಂತ ಮೂರು ಪದರ ಜಾಣತನ. ಮೈಗಂಟಿದ ಪದರ ಹತ್ತಿಯದ್ದಾಗಬಾರದು. ಹತ್ತಿ ನಮ್ಮ ಬೇಸಿಗೆಗೆ ದೇವರು. ಅಲ್ಲಿ ಬೆವರು ಹೀರಿ ಒದ್ದೆಯಾಗೇ ಇದ್ದು ಮೈಯನ್ನು ತಣ್ಣಗೆ ಮಾಡುತ್ತೆ. ಶಿರಾ ಕಡೆ ಕುರಿ ಕಾಯೋರನ್ನು ನೋಡಿದ್ದೀರಾ? ಜಡಿಮಳೆಯಲ್ಲೂ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿರ್ತಾರೆ. ಉಣ್ಣೆ ಒದ್ದೆಯಾದರೂ ಸಾಕಷ್ಟು ಬಿಸಿ ಉಳಿಸಿಕೊಳ್ಳುತ್ತೆ. ಅದೇ ಲೆಕ್ಕ. ಮೊದಲ ಪದರಕ್ಕೆ ಮೆರಿನೊ ಉಣ್ಣೆಯ ಅಥವಾ ಪಾಲಿಯೆಸ್ಟರಿನ ಥರ್ಮಲ್, ಮೇಲೆ ಕೆಳಗೆ ಎರಡೂ. ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್. ಹೊರಗಿನದ್ದು ಗಾಳಿ, ನೀರು ತಡೆಯುವ ಕೋಟು.

ಸೀರೆ ಬಿಡೋಕಾಗಲ್ಲ ಅನ್ನೋರು ಒಳಲಂಗದ ಕೆಳಗೆ ಥರ್ಮಲ್ ಲೆಗ್ಗಿಂಗ್ಸ್ ಹಾಕಿಕೊಂಡರೆ ಮನೆಯೊಳಗೆ ಧಾರಾಳ. ಒಳಗೆ ಹೀಟರ್ ಇರುತ್ತೆ, 20-22 ಡಿಗ್ರಿ. ಆದರೆ ಹಿಮದಲ್ಲಿ ನೆರಿಗೆ ಒದ್ದೆಯಾಗಿ ಕಾಲಿಗೆ ತೊಡರುತ್ತೆ. ಹೊರಗೆ ಹೋಗುವಾಗ ಪ್ಯಾಂಟೇ ಸರಿ. ಅಲ್ಲಿ ಯಾರೂ ನಮ್ಮನ್ನು ನೋಡಿ ನಗಲ್ಲ, ಎಲ್ಲರೂ ಮೂಟೆ ಹಾಗೇ ಇರ್ತಾರೆ!

ಕೋಟು ಮಂಡಿಯ ಹತ್ತಿರಕ್ಕಾದರೂ ಬರಲಿ, ತಲೆಗೆ ಹುಡ್ ಇರಲಿ, ಒಳಗೆ ಸ್ವೆಟರ್ ಹಾಕಿದ ಮೇಲೂ ಕೈ ಎತ್ತುವಂತಿರಲಿ. ಬಾತುಕೋಳಿ ಪುಕ್ಕ ತುಂಬಿದ್ದು ಹಗುರ, ಬೆಚ್ಚಗೆ, ಆದರೆ ನೆನೆದರೆ ಕೆಲಸಕ್ಕೆ ಬರಲ್ಲ. ಪುಕ್ಕ ಬೇಡ ಅನ್ನೋರಿಗೆ ಸಿಂಥೆಟಿಕ್ ತುಂಬಿದ್ದೂ ಇದೆ. ಬೆರಳು ಬೆರಳಿಗೆ ಬೇರೆ ಇರೋ ಕೈಗವಸಿಗಿಂತ ನಾಲ್ಕು ಬೆರಳು ಒಟ್ಟಿಗೆ ಇರೋ ಮಿಟನ್ ಬೆಚ್ಚಗೆ. ಮಂಕಿ ಕ್ಯಾಪ್? ತಗೊಂಡು ಹೋಗಿ, ಕಿವಿಗೆ ಒಳ್ಳೇದೇ. ಅದೊಂದೇ ಸಾಲದು ಅಷ್ಟೆ. ತಲೆಗೆ ಎರೆದುಕೊಂಡ ದಿನ ಒದ್ದೆ ಕೂದಲಲ್ಲಿ ಬಾಗಿಲು ದಾಟಬೇಡಿ.

ಯಾವುದು ಇಲ್ಲಿ ಕೊಳ್ಳೋದು, ಯಾವುದು ಅಲ್ಲಿ? ಥರ್ಮಲ್, ಫ್ಲೀಸ್, ಉಣ್ಣೆ ಕಾಲುಚೀಲ ಬೆಂಗಳೂರಿನ ಡೆಕಾಥ್ಲಾನ್‌ನಂಥ ಕಡೆ ಸಿಗುತ್ತೆ. ಚಳಿಗಾಲದಲ್ಲಿ ಟಿಬೆಟನ್ನರು ಮಾರೋ ಸ್ವೆಟರ್ ಮಧ್ಯದ ಪದರಕ್ಕೆ ಚೆನ್ನಾಗೇ ಇರುತ್ತೆ. ಬೂಟು ಮತ್ತು ದೊಡ್ಡ ಕೋಟು ಮಾತ್ರ ಅಲ್ಲೇ ಕೊಳ್ಳಿ. ಮಗ, ಮಗಳು ಅಲ್ಲಿದ್ದರೆ ಅಳತೆ ಕಳಿಸಿ ಮೊದಲೇ ತರಿಸಿಡಿ, ವಿಮಾನ ನಿಲ್ದಾಣಕ್ಕೇ ಕಾರಿನಲ್ಲಿ ತರೋಕೆ ಹೇಳಿ. ಓದೋಕೆ ಹೊರಟ ಮಕ್ಕಳಿಗೆ ಆ ಸೌಕರ್ಯ ಇರಲ್ಲ. ಅವರು ಒಂದು ಜಾಕೆಟ್, ಟೋಪಿ, ಕೈಗವಸನ್ನು ಕ್ಯಾಬಿನ್ ಬ್ಯಾಗಿನಲ್ಲೇ ಇಟ್ಟುಕೊಳ್ಳಲಿ. ಸೂಟ್‌ಕೇಸ್ ತಡವಾದರೆ ಶಾಲು ಹೊದ್ದು ಟ್ಯಾಕ್ಸಿ ಕಾಯೋಕಾಗುತ್ತಾ? ಅಲ್ಲಿ ನವೆಂಬರ್ ಕೊನೆಯಲ್ಲಿ, ಆಮೇಲೆ ಕ್ರಿಸ್‌ಮಸ್ ಮುಗಿದ ಮೇಲೆ ರಿಯಾಯಿತಿ ಜೋರು. ಸೆಕೆಂಡ್ ಹ್ಯಾಂಡ್ ಅಂಗಡಿಗಳೂ ಇವೆ. ಶಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟವಿದೆ, ಟೊರಾಂಟೊದಲ್ಲಿ ಕನ್ನಡ ಸಂಘವಿದೆ. ಅಲ್ಲಿನ ಚಳಿ ಕಂಡ ಹೆಂಗಸರನ್ನು ಕೇಳೋಕೆ ಸಂಕೋಚ ಬೇಡ.

ಮೊಮ್ಮಗುವಿನ ವಿಷಯದಲ್ಲಿ ಒಂದೇ ಮಾತು. ಕಾರಿನ ಮಗು ಸೀಟಿನಲ್ಲಿ ದಪ್ಪ ಕೋಟು ಹಾಕಿ ಬೆಲ್ಟ್ ಬಿಗಿಯಬೇಡಿ. ಅಪಘಾತವಾದರೆ ಕೋಟು ಅಮುಕಿ ಬೆಲ್ಟ್ ಸಡಿಲವಾಗಿ ಮಗು ಜಾರಬಹುದು. ತೆಳ್ಳಗಿನ ಪದರಗಳನ್ನು ಹಾಕಿ, ಬೆಲ್ಟ್ ಬಿಗಿದ ಮೇಲೆ ಹೊದಿಕೆ ಹೊದಿಸಿ. ಇನ್ನು ನಿಮ್ಮ ಬೆರಳೋ ಕಿವಿಯೋ ಮರಗಟ್ಟಿದರೆ (ನಮ್ಮ ಬಣ್ಣದ ಚರ್ಮದಲ್ಲಿ ಬಿಳಚಿದ್ದು ಚೆನ್ನಾಗಿ ಕಾಣಲ್ಲ, ಸ್ಪರ್ಶ ಹೋಗೋದೇ ಗುರುತು) ಉಜ್ಜಬೇಡಿ, ಹೀಟರಿಗೆ ಹಿಡಿಯಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಡಾಕ್ಟರಿಗೆ ತೋರಿಸಿ.

ಮಂಕಿ ಕ್ಯಾಪ್ ಸಾಕು ಅಂದಿದ್ದ ಪಕ್ಕದ ಮನೆಯವರ ಸೊಸೆಗೆ ಈಗ ಟೊರಾಂಟೊದಲ್ಲಿ ದಿನ ತುಂಬುತ್ತಿದೆ. ಮೊನ್ನೆ ಬಂದು "ನಿಮ್ಮ ಬೂಟು ಇದೆಯೇನ್ರೀ?" ಅಂದರು. ಬಿದ್ದ ಮೇಲೆ ಅಲ್ಲಿ ಕೊಂಡ ಒಳ್ಳೆ ಬೂಟು ಅಟ್ಟದ ಮೇಲಿದೆ. ಕಾಗದದ ಮೇಲೆ ನಿಲ್ಲಿಸಿ ಕಾಲು ಅಳೆದೆ, ನನಗಿಂತ ಅರ್ಧ ಸೆಂಟಿಮೀಟರ್ ಕಮ್ಮಿ. ದಪ್ಪ ಕಾಲುಚೀಲ ಹಾಕಿದರೆ ಸರಿಹೋಗುತ್ತೆ.